ಕೊರಿಯಾ ಟೂರ್ ರಿವ್ಯೂ: ಸಿಯೋಲ್ ಕಮ್ಮಿ ಮಾಡ್ರಿ, ಗ್ಯೊಂಗ್‌ಜು ಜಾಸ್ತಿ ಮಾಡ್ರಿ

ಮೊದಲ ಹೇಳಿಬಿಡ್ತೀನ್ರಿ, ಬೆಳಗಾವಿ ಬಾಗಲಕೋಟಿ ವಿಜಯಪುರ ಕಡೆಯಿಂದ ಕೊರಿಯಾಕ್ಕ ಹೊಂಟವ್ರು ಏಜೆಂಟ್ ಕೊಟ್ಟ ಪ್ಯಾಕೇಜ್ ಇದ್ದದ್ದು ಇದ್ದಂಗ ತಗೋಬ್ಯಾಡ್ರಿ. ದೇಶ ಭಾಳ ಛಲೋ ಐತಿ, ಪ್ಯಾಕೇಜ್ ಅಷ್ಟಕ್ಕಷ್ಟ. ನಾವು ಹೋಗಿದ್ದು ಬೆಳಗಾವಿಯ ಒಂದು ಟ್ರಾವೆಲ್ಸ್‌ನವರ ಗ್ರೂಪ್ ಟೂರ್‌ನ್ಯಾಗ, ಹೆಸರು ಬರಿಯಂಗಿಲ್ಲ, ಯಾಕಂದ್ರ ಆಮ್ಯಾಲ ನಾಕ್ ಮಂದಿನ್ನ ಕೇಳಿದ್ರ ಎಲ್ಲಾರ ಪ್ಲಾನೂ ಹೆಚ್ಚುಕಮ್ಮಿ ಒಂದ ಐತಿ. ನಾನು, ನಮ್ಮಕ್ಕನ ಮಗಳು, ಬಾಕಿ ಕೊಲ್ಲಾಪುರ ಪುಣೆ ಮಂದಿ. ಹುಡುಗಿಗೆ ಕೆ-ಡ್ರಾಮಾ ಹುಚ್ಚು, ನನಗ ಹಳೇ ಕಲ್ಲಿನ ಹುಚ್ಚು, ಬಾದಾಮ್ಯಾಗ ಹುಟ್ಟಿ ಬೆಳದಾಕಿ ನಾನು, ಏನ್ ಮಾಡೂದು.

ಪ್ಯಾಕೇಜಿನ ಹಣೇಬರಹ ಹೆಂಗಿತ್ತು ಅಂದ್ರ, ಸಿಯೋಲ್‌ನ್ಯಾಗ ದಿನಾ ಒಂದೊಂದು ಶಾಪಿಂಗ್ ಸ್ಟಾಪ್. ಮಿಯೊಂಗ್‌ಡೊಂಗ್ ಬಜಾರ ತಿಳೀತೈತಿ, ಹುಡುಗ್ರಿಗೆ ಬೇಕು ಬಿಡ್ರಿ, ಆದ್ರ ಜಿನ್ಸೆಂಗ್ ಅನ್ನೋ ಔಷಧಿ ಬೇರಿನ ಅಂಗಡಿ ಒಂದು, ಕಾಸ್ಮೆಟಿಕ್ಸ್ ಅಂಗಡಿ ಒಂದು, ಡ್ಯೂಟಿ ಫ್ರೀ ಒಂದು, ಒಳಗ ಕರ್ಕೊಂಡ್ ಹೋಗಿ ಕುಂದ್ರಿಸಿ ಭಾಷಣ ಮಾಡಿ ಮ್ಯಾಲ ಸಣ್ಣ ಕಪ್ಪಿನ್ಯಾಗ ಕಹಿ ಚಹಾ ಕೊಟ್ಟು ತಾಸಗಟ್ಲೆ ಹಿಡ್ಕೊಂಡ್ ಕುಂತಾರ, ಕಮಿಷನ್ ಇರ್ತೈತಿ ಅಂತ ಯಾರೂ ಹೇಳೂದು ಬ್ಯಾಡ. ಅದ ಟೂರ್‌ನ್ಯಾಗ ಗ್ಯೊಂಗ್‌ಜು ಊರಿಗೆ ಬುಸಾನ್‌ನಿಂದ ಮುಂಜಾನೆ ಹೋಗಿ ಮಧ್ಯಾಹ್ನ ಊಟ ಮಾಡಿ ಹೊಳ್ಳಿ ಬರೂದು, ಅಷ್ಟ! ನಮ್ಮ ದುಡ್ಡು ಒಬ್ಬೊಬ್ಬರದು ಎರಡು ಲಕ್ಷದ ಮ್ಯಾಲ ಹೋಗೇತ್ರಿ.

ಸಿಯೋಲ್ ನೋಡಬ್ಯಾಡ್ರಿ ಅಂತ ನಾ ಅನ್ನಂಗಿಲ್ಲ. ಗ್ಯೊಂಗ್‌ಬೊಕ್‌ಗುಂಗ್ ಅರಮನೆ ನೋಡಾಕ ಬೇಕು, 1395 ರಾಗ ಕಟ್ಟಿದ್ದು, 1592 ರ ಜಪಾನ್ ದಾಳಿ ಹೊತ್ತಿನ್ಯಾಗ ಸುಟ್ಟು ಹೋತು, ಪೌಣೆ ಮುನ್ನೂರು ವರ್ಷ ಹಂಗ ಪಾಳು ಬಿದ್ದಿತ್ತು, 1867 ಕ್ಕ ಮತ್ತ ಕಟ್ಟಿದ್ರು, ಆಮ್ಯಾಲ ಜಪಾನಿನವರ ಆಳ್ವಿಕೆಯೊಳಗ ಮತ್ತ ಕೆಡವಿದ್ರು. ಅಂದ್ರ ಈಗ ನಾವು ನೋಡೂದು ಭಾಳಷ್ಟು ಹೊಸದಾಗಿ ಕಟ್ಟಿದ್ದ. ಆದ್ರೂ ಹಿಂದ ಗುಡ್ಡ, ಮುಂದ ಅರಮನೆ, ಎದುರಿಗೆ ಗಾಜಿನ ಕಟ್ಟಡ, ನೋಡಾಕ ಛಂದ. ಹಾನ್‌ಬೊಕ್ ಅಂದ್ರ ಅವರ ಸಾಂಪ್ರದಾಯಿಕ ಉಡುಪು, ಅದನ್ನ ಹಾಕ್ಕೊಂಡ್ ಹೋದವ್ರಿಗೆ ಎಂಟ್ರಿ ಫ್ರೀ, ಇಲ್ಲಂದ್ರ ಅವರ ದುಡ್ಡಿನ್ಯಾಗ 3,000 ವೋನ್ ಟಿಕೆಟ್. ಬಾಡಿಗಿ ಅಂಗಡಿ ಸುತ್ತಮುತ್ತ ಬೇಕಾದಷ್ಟು ಅದಾವು. ನಮ್ಮ ಹುಡುಗಿಗೆ ಹಾಕಿಸಿದ ಅಜ್ಜಿ ಎದಿ ಮ್ಯಾಲಿನ ಲಾಡಿ ಎರಡು ತಗೊಂಡು ಒಂದರ ಮ್ಯಾಲ ಒಂದು ದಾಟಿಸಿ, ಒಳಗಿಂದ ಜಗ್ಗಿ, ಒಂದ ಕಡೆ ಅಷ್ಟ ಕುಣಿಕಿ ಬರೋ ಹಂಗ ಗಂಟು ಹಾಕಿದ್ರು, ಕಣ್ಣು ಮಿಟುಕಿಸೂದ್ರಾಗ ಮುಗೀತು, ಈಕಿ ಅದನ್ನ ಬಿಚ್ಚಿ ತಾನ ಕಟ್ಕೋತೀನಿ ಅಂತ ಕನ್ನಡಿ ಮುಂದ ನಿಂತು ಅರ್ಧ ತಾಸು ತಗೊಂಡ್ಲು. ಅಜ್ಜಿ ನಕ್ಕೋತ ನಿಂತಿದ್ರು, ಬಿಚ್ಚಿ ಮತ್ತ ತೋರಿಸಿದ್ರು. ಬಾಡಿಗಿ ತಾಸಿನ ಲೆಕ್ಕ ಇರ್ತೈತ್ರಿ, ಫೋಟೋ ಜಾಗ ಮೊದಲ ನೋಡಿ ಇಟ್ಕೋರಿ.

ಗ್ಯೊಂಗ್‌ಬೊಕ್‌ಗುಂಗ್ ಮಂಗಳವಾರ ಬಂದ್, ಇನ್ನೊಂದು ಅರಮನೆ ಚಾಂಗ್‌ಡೊಕ್‌ಗುಂಗ್ ಸೋಮವಾರ ಬಂದ್. ಇದನ್ನ ಬರ್ಕೊಂಡ್ ಇಡ್ರಿ, ನಮ್ಮ ಪ್ಯಾಕೇಜಿನ ಪ್ರಿಂಟ್‌ನ್ಯಾಗ ಚಾಂಗ್‌ಡೊಕ್‌ಗುಂಗ್ ಸೋಮವಾರಕ್ಕ ಹಾಕಿದ್ರು, ಬಾಗಿಲ ಮುಂದ ಫೋಟೋ ತಕ್ಕೊಂಡು ಬಸ್ ಹತ್ತಿದ್ವಿ. ಅದು ಯುನೆಸ್ಕೋ ಪಟ್ಟಿಯೊಳಗಿರೋ ಅರಮನೆ, ಹಿಂದಿನ ತೋಟ ಅಂತೂ ಸಿಯೋಲ್‌ನ್ಯಾಗ ನೋಡೋ ಹಂಥಾದ್ರಾಗ ಮೊದಲನೇದ್ದು, ತೋಟಕ್ಕ ಬ್ಯಾರೆ ಟಿಕೆಟ್ ಐತಿ, ಮೊದಲ ಬುಕ್ ಮಾಡ್ಬೇಕು. ನಾವಿಬ್ರು ಆಮ್ಯಾಲ ಸ್ವಂತ ಹೋಗಿ ನೋಡಿದ್ವಿ. ಬುಕ್‌ಚೊನ್ ಓಣಿ ಬಗ್ಗೆ ಒಂದ ಮಾತು, ಅಲ್ಲಿ ಹಳೇ ಹೆಂಚಿನ ಮನಿಯೊಳಗ ಮಂದಿ ಇರ್ತಾರ, ಅದಕ್ಕ ಒಂದಿಷ್ಟು ಓಣಿಗೆ ಪ್ರವಾಸಿಗರಿಗೆ ಮುಂಜಾನೆ 10 ರಿಂದ ಸಂಜಿ 5 ರ ತನಕ ಅಷ್ಟ ಬಿಡ್ತಾರ, ಮೀರಿದ್ರ ಒಂದು ಲಕ್ಷ ವೋನ್ ದಂಡ, ಅಂದ್ರ ನಮ್ಮ ಆರು ಸಾವಿರ ರೂಪಾಯಿ ಆಸುಪಾಸು. ಛಲೋ ಮಾಡ್ಯಾರ. ನಾಮಿ ದ್ವೀಪ, ಸಾಲುಮರ, ಜೋಡಿಗಳು, ಸೆಲ್ಫಿ, ಗದ್ದಲ. ಡ್ರಾಮಾ ನೋಡವ್ರು ಹೋಗ್ರಿ, ಬಾಕಿ ಮಂದಿ ಬಿಟ್ರೂ ನಡೀತೈತಿ.

ಈಗ ಗ್ಯೊಂಗ್‌ಜು. ಸಿಲ್ಲಾ ರಾಜರ ರಾಜಧಾನಿ ಇದು, ಅವರ ಲೆಕ್ಕದಾಗ ಕ್ರಿ.ಪೂ. 57 ರಿಂದ ಕ್ರಿ.ಶ. 935 ರ ತನಕ, ಅಂದ್ರ ಹತ್ತಿರ ಹತ್ತಿರ ಸಾವಿರ ವರ್ಷ. ಊರ ನಡುವ ಹುಲ್ಲು ಬೆಳದ ದೊಡ್ಡ ದೊಡ್ಡ ದಿಬ್ಬ, ಎಲ್ಲಾ ರಾಜರು, ದೊಡ್ಡ ಮನಿತನದವರ ಗೋರಿ, ಪಕ್ಕದಾಗ ಸಾಲಿ ಹುಡುಗ್ರು ಸೈಕಲ್ ಹೊಡೀತಾರ, ಕಾಫಿ ಅಂಗಡಿ ಅದಾವು. ಚೊನ್ಮಾಚೊಂಗ್ ಅನ್ನೋ ಒಂದು ಗೋರಿ 1973 ರಾಗ ಅಗದಿದ್ರು, ಅದರ ಒಳಗ ಹೋಗಬಹುದು, ಅಲ್ಲಿ ಸಿಕ್ಕ ಬಂಗಾರದ ಕಿರೀಟ ಊರಿನ ಮ್ಯೂಸಿಯಂಗೆ ಸೇರೇತಿ. ಆ ಮ್ಯೂಸಿಯಂ ಅಂಗಳದಾಗ 771 ರಾಗ ಎರಕ ಹೊಯ್ದ ಗಂಟಿ ಐತಿ, ಹತ್ತಿರ ಹತ್ತಿರ 19 ಟನ್, ಮ್ಯಾಲ ಹಾರೋ ದೇವತೆಯರ ಕೆತ್ತನಿ, ನಮ್ಮ ಐಹೊಳೆ ಗಂಧರ್ವರನ್ನ ನೋಡಿದವ್ರು ಅದರ ಮುಂದಿಂದ ಲಗೂನ ಸರಿಯಂಗಿಲ್ಲ. ಈಗ ಅದನ್ನ ಸಾಮಾನ್ಯವಾಗಿ ಬಾರಿಸೂದಿಲ್ಲ, ರೆಕಾರ್ಡಿಂಗ್ ಹಾಕ್ತಾರ.

ಚೊಮ್‌ಸೊಂಗ್‌ಡೆ ಅಂತ ಒಂದು ಕಲ್ಲಿನ ಗೋಪುರ ಐತಿ, ಎತ್ತರ 9 ಮೀಟರ್ ಚಿಲ್ಲರ, ನಕ್ಷತ್ರ ನೋಡಾಕ ಕಟ್ಟಿದ್ದು ಅಂತಾರ, ಸೊಂದೊಕ್ ಅನ್ನೋ ರಾಣಿ ಕಾಲದ್ದು. ಗ್ರೂಪಿನವರು ಐದು ನಿಮಿಷಕ್ಕ "ಇಷ್ಟೇನಾ" ಅಂದು ಹೊಂಟ್ರು. ನಾನು ತಾರೀಖು ನೋಡಿ ಅಲ್ಲೇ ನಿಂತೆ ನೋಡ್ರಿ. ರಾಣಿ ಆಳಿದ್ದು 632 ರಿಂದ 647, ನಮ್ಮ ಇಮ್ಮಡಿ ಪುಲಿಕೇಶಿ 610 ರಿಂದ 642! ಅಂವ ಬಾದಾಮ್ಯಾಗ ಕುಂತಾಗ ಈಕಿ ಗ್ಯೊಂಗ್‌ಜುದಾಗ ಕುಂತಿದ್ಲು. ಬುಲ್ಗುಕ್ಸಾ ಗುಡಿ ಈಗಿನ ರೂಪದಾಗ ಕಟ್ಟಾಕ ಸುರು ಮಾಡಿದ್ದು 751 ಅಂತಾರ, ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಅದಕ್ಕಿಂತ ಸ್ವಲ್ಪ ಮೊದಲಿಂದು. ಗೈಡ್‌ಗೆ ಹೇಳಿದೆ, ಅಂವಗ ಪಟ್ಟದಕಲ್ಲು ಗೊತ್ತಿಲ್ಲ, ಇರ್ಲಿ, ನಮ್ಮ ಮಂದಿಗೆ ಎಷ್ಟು ಗೊತ್ತೈತಿ.

ಬುಲ್ಗುಕ್ಸಾದಾಗ ಕಟ್ಟಿಗಿ ಕಟ್ಟಡ ಎಲ್ಲಾ ಜಪಾನ್ ದಾಳಿಯೊಳಗ ಸುಟ್ಟು ಹೋಗಿ ಮತ್ತ ಕಟ್ಟಿದ್ದು, ಕಲ್ಲಿನ ಮೆಟ್ಟಲ ಮತ್ತ ಎರಡು ಸ್ತೂಪ ಮಾತ್ರ ಹಳೇವು. ಒಂದು ಸಾದಾ, ಒಂದು ಕುಸುರಿ ಕೆಲಸದ್ದು, ಎದುರುಬದುರು ನಿಂತಾವು. ಕುಸುರಿದು ಅವರ 10 ವೋನ್ ನಾಣ್ಯದ ಮ್ಯಾಲ ಐತಿ. ನನಗ ಸಾದಾದ್ದ ಹಿಡಿಸ್ತು. 1966 ರಾಗ ರಿಪೇರಿ ಮಾಡುವಾಗ ಅದರ ಹೊಟ್ಟಿಯೊಳಗ ಕಟ್ಟಿಗಿ ಅಚ್ಚಿನಿಂದ ಒತ್ತಿದ ಕಾಗದದ ಬೌದ್ಧ ಸೂತ್ರ ಸಿಕ್ತು, ಜಗತ್ತಿನ ಅತೀ ಹಳೇ ಮುದ್ರಣದೊಳಗ ಅದೂ ಒಂದು ಅಂತ ಹೇಳ್ತಾರ. 2023 ರಿಂದ ಬುಲ್ಗುಕ್ಸಾಕ್ಕ ಟಿಕೆಟ್ ತಗದಾರ, ಹಂಗ ಹೋಗಬಹುದು.

ಅಲ್ಲಿಂದ ಗುಡ್ಡದ ಮ್ಯಾಲ ಸೊಕ್ಕುರಾಮ್ ಗವಿ. ಬಸ್ ಇಳದು ಅಡವ್ಯಾಗ ಸ್ವಲ್ಪ ನಡೀಬೇಕು, ಅಳಿಲು ಓಡಾಡ್ತಾವು. ನಾನು ಗವಿ ಅಂದಕೂಡಲೆ ನಮ್ಮಂಗ ಬಂಡೆಗಲ್ಲು ಕೊರದಿರಬೇಕು ಅಂದ್ಕೊಂಡಿದ್ದೆ, ಇದು ಹಂಗಿಲ್ರಿ, ಗ್ರಾನೈಟ್ ಕಲ್ಲು ಕೊರಿಲಿಕ್ಕೆ ಬಗ್ಗಂಗಿಲ್ಲ, ಅದಕ್ಕ ಮುನ್ನೂರರ ಮ್ಯಾಲ ಚಪ್ಪಡಿ ಕಡದು ಗುಮ್ಮಟ ಜೋಡಿಸಿ ಮ್ಯಾಲ ಮಣ್ಣು ಮುಚ್ಚಿ ಗವಿ ಮಾಡ್ಯಾರ. ಒಳಗ ಮೂರೂವರೆ ಮೀಟರ್ ಎತ್ತರದ ಬುದ್ಧ, ಪೂರ್ವ ಸಮುದ್ರದ ಕಡೆ ಮುಖ. ಗೋಳಗುಮ್ಮಟ ನೋಡಿದವ್ರಿಗೆ ಅಳತಿ ಸಣ್ಣದು ಅನಸ್ತೈತಿ, ಆದ್ರ ಕಲ್ಲು ನಯ ಮಾಡಿದ ರೀತಿ ನೋಡಿದ್ರ ಮಾತು ಬರಂಗಿಲ್ಲ. ಬ್ಯಾಸರ ಏನಂದ್ರ ನಡುವ ಗಾಜು ಐತಿ, ಫೋಟೋನೂ ಇಲ್ಲ, ಹಿಂದ ಮಂದಿ ನೂಕ್ತಿರ್ತಾರ. ಗಾಜು ಯಾಕಂದ್ರ 1910 ರ ದಶಕದಾಗ ಜಪಾನಿನವರು ಬಿಚ್ಚಿ ಜೋಡಿಸುವಾಗ ಸಿಮೆಂಟ್ ಹಾಕಿದ್ರು, ಅವತ್ತಿಂದ ಒಳಗ ಪಸಿ ಹಿಡಿಯಾಕತ್ತು, ಈಗ ಗಾಳಿ ಮಷಿನ್ ಇಟ್ಟು ಕಾಪಾಡ್ಕೊಂಡು ಬಂದಾರ. ನಮ್ಮ ಕಡೆ ಹಳೇ ಗುಡಿಗೆ ಆಯಿಲ್ ಪೇಂಟ್ ಹೊಡದ ಪುಣ್ಯಾತ್ಮರು ಎಲ್ಲಾ ಕಡೆ ಇರ್ತಾರ ಅಂತಾತು.

ಇಷ್ಟೆಲ್ಲಾ ಅರ್ಧ ದಿನಕ್ಕ ಮುಗಿಸ್ರಿ ಅಂದ್ರ ಹೆಂಗ್ರಿ? ಅದಕ್ಕ ನಾವಿಬ್ರು ಟೂರ್ ಮುಗದ ಮ್ಯಾಲ ಉಳಕೊಂಡು ಸಿಯೋಲ್‌ನಿಂದ ಕೆಟಿಎಕ್ಸ್ ಅನ್ನೋ ಫಾಸ್ಟ್ ರೈಲಿಗೆ ಗ್ಯೊಂಗ್‌ಜುಕ್ಕ ಹೊಳ್ಳಿ ಹೋದ್ವಿ, ಎರಡು ತಾಸಿನ ದಾರಿ. ಹತ್ತಿರ ಗೊಲ್ಗುಲ್ಸಾ ಅನ್ನೋ ಗುಡಿಯೊಳಗ ಟೆಂಪಲ್ ಸ್ಟೇ ಮಾಡಿದ್ವಿ. ಇಂಡಿಯಾದಿಂದ ಬಂದ ಸನ್ಯಾಸಿಗಳು ಕಟ್ಟಿದ್ದು ಅಂತ ಆ ಗುಡಿಯವರ ಹೇಳಿಕೆ. ಬಂಡಿಯೊಳಗ ಗವಿ, ಬಂಡಿ ಮ್ಯಾಲ ಕೆತ್ತಿದ ಬುದ್ಧ, ಹಗ್ಗ ಹಿಡ್ಕೊಂಡು ಹತ್ತೂದು, ನನಗ ಊರಿಗೆ ಬಂದಂಗಾತು. ಸುನ್‌ಮುದೊ ಅಂತ ಸನ್ಯಾಸಿಗಳ ಕಸರತ್ತು ಕಲಿಸ್ತಾರ, ನಸುಕಿನ್ಯಾಗ ನಾಕಕ್ಕ ಎಬ್ಬಸ್ತಾರ, ನೆಲದ ಮ್ಯಾಲ ಹಾಸಿಗಿ, ಆದ್ರ ನೆಲ ಬೆಚ್ಚಗ ಇರ್ತೈತಿ, ಕೆಳಗಿಂದ ಕಾಯಿಸೋ ಪದ್ಧತಿ ಅವರದು.

ಊಟದ ವಿಷಯ ಇಲ್ಲೇ ಹೇಳಬೇಕು. ಕೊರಿಯಾದಾಗ ಪಕ್ಕಾ ಶಾಕಾಹಾರಿಗಳಿಗೆ ಕಷ್ಟ ಐತ್ರಿ, ಅವರ ಉಪ್ಪಿನಕಾಯಿ ಕಿಮ್ಚಿ ನೋಡಾಕ ಬರೇ ಎಲಿಕೋಸು, ಒಳಗ ಸಿಗಡಿ ಇಲ್ಲಾ ಮೀನಿನ ಸಾಸ್ ಇರ್ತೈತಿ, ಸಾರು ಅಂದ್ರ ಒಣಮೀನಿನ ನೀರು. ನಮ್ಮ ಏಜೆಂಟ್ "ಪ್ಯೂರ್ ವೆಜ್ ಗ್ಯಾರಂಟಿ" ಅಂದಿದ್ರು, ಬಂದಿದ್ದು ದಿನಾ ಅದ ಇಂಡಿಯನ್ ರೆಸ್ಟೊರೆಂಟಿನ ಪನೀರು. ಆದ್ರ ಗುಡಿ ಊಟ ಬ್ಯಾರೆನ, ಮಾಂಸ ಮೀನು ಇಲ್ಲ, ಉಳ್ಳಾಗಡ್ಡಿ ಬಳ್ಳೊಳ್ಳಿನೂ ಇಲ್ಲ! ಸೊಪ್ಪು, ಬೇರು, ಅಣಬಿ, ಸೋಯಾ, ಅನ್ನ. ಒಂದ ಮುಂಜಾನೆ ಸನ್ಯಾಸಿಗಳ ಪದ್ಧತಿ ಪ್ರಕಾರ ನಾಕ್ ಬಟ್ಟಲ ಇಟ್ಟು ಬಡಿಸಿದ್ರು, ಮಾತಾಡಂಗಿಲ್ಲ, ಒಂದು ಅಗಳ ಬಿಡಂಗಿಲ್ಲ. ಕೊನಿಗೆ ಬಟ್ಟಲಕ್ಕ ಬಿಸಿನೀರು ಹಾಕಿ, ಉಳಿಸಿಕೊಂಡಿದ್ದ ಮೂಲಂಗಿ ತುಂಡಿನಿಂದ ಒಳಗೆಲ್ಲಾ ಉಜ್ಜಿ, ಆ ತುಂಡು ತಿಂದು, ಆ ನೀರು ಕುಡೀಬೇಕು. ಪಕ್ಕದ ಜರ್ಮನ್ ಹುಡುಗ ಮಾರಿ ಕಿವುಚಿದ. ನಮ್ಮ ಮುತ್ಯಾ ದಿನಾ ಗಂಗಾಳ ತೊಳದು ಕುಡದ ಮ್ಯಾಲ ಏಳ್ತಿದ್ದ, ನಾನು ಗಟಗಟ ಕುಡದೆ. ಹುಡುಗಿ ನನ್ನ ನೋಡಿ ಕಣ್ಣು ಮುಚ್ಚಿ ಕುಡದು ಹೊರಗ ಬಂದ ಮ್ಯಾಲ "ಚಿಗವ್ವ, ಇದನ್ನ ಅವ್ವನ ಮುಂದ ಹೇಳಬ್ಯಾಡ, ಮನ್ಯಾಗೂ ಸುರು ಮಾಡ್ತಾಳ" ಅಂದ್ಲು. ಬಾಕಿ ದಿನಕ್ಕ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಒಯ್ಯಿರಿ, ಹೊಟೇಲಿನ ಮೊಸರಿನ ಜೋಡಿ ಜೀವ ಉಳೀತೈತಿ.

ನಿಸರ್ಗ ಬೇಕನ್ನವ್ರಿಗೆ ಸೊರಾಕ್‌ಸಾನ್ ಮತ್ತ ಜೇಜು. ಸೊರಾಕ್‌ಸಾನ್‌ದ ತುದಿ 1,708 ಮೀಟರ್, ನಾವು ತುದಿಗೇನ್ ಹೋಗ್ಲಿಲ್ಲ, ಕೇಬಲ್ ಕಾರ್‌ನ್ಯಾಗ ಅರ್ಧಕ್ಕ ಹೋಗಿ ಬಂಡೆಗಲ್ಲಿನ ಮ್ಯಾಲ ಕುಂತ್ವಿ. ಗಾಳಿ ಜೋರಾದ್ರ ಕೇಬಲ್ ಕಾರ್ ನಿಲ್ಲಸ್ತಾರ, ಅವತ್ತಿನ ದಿನ ಗುಡಿ ಕಡೆ ನಡಕೋತ ಹೋಗ್ರಿ, ಹೊಳಿ ದಂಡಿ ಭಾರಿ ಐತಿ. ನಮ್ಮ ವಯಸ್ಸಿನ ಕೊರಿಯನ್ ಹೆಣ್ಮಕ್ಕಳು ಬಣ್ಣಬಣ್ಣದ ಜಾಕೆಟ್ ಹಾಕ್ಕೊಂಡು ಕೋಲು ಹಿಡ್ಕೊಂಡು ದಬದಬ ಹತ್ತಿ ಹೋಗ್ತಾರ, ನಾಚಿಕಿ ಬಂತು.

ಜೇಜು ದ್ವೀಪ ಜ್ವಾಲಾಮುಖಿಯಿಂದ ಆಗಿದ್ದು, ನಡುವ ಹಲ್ಲಾಸಾನ್, 1,947 ಮೀಟರ್, ದಕ್ಷಿಣ ಕೊರಿಯಾದಾಗ ಅದ ಎತ್ತರ. ಹೊಲದ ಸುತ್ತ ಎಲ್ಲಾ ಕರಿಕಲ್ಲಿನ ಒಡ್ಡು, ವಿಜಯಪುರದ ಕರಿಕಲ್ಲಿನ ಜಾತೀದ್ದ, ಬಸಾಲ್ಟ್, ಆದ್ರ ತೂತು ತೂತು. ಆ ನೆಲದಾಗ ನೀರು ನಿಲ್ಲಂಗಿಲ್ಲ, ಅದಕ್ಕ ಭತ್ತ ಕಮ್ಮಿ, ಮೊದಲಿಂದ ಜವೆ, ಸಿರಿಧಾನ್ಯ ಬೆಳದು ಬದುಕಿದ ಮಂದಿ, ಕೇಳಿದ್ರ ನಮ್ಮ ಒಣಬೇಸಾಯದ ಕಥಿನ. ಈಗ ಕಿತ್ತಳೆ ತೋಟ ಭಾಳ. ಸೊಂಗ್‌ಸಾನ್ ಇಲ್ಚುಲ್‌ಬೊಂಗ್ ಸಮುದ್ರದ ದಂಡಿ ಗುಡ್ಡ, 182 ಮೀಟರ್, ಅರ್ಧ ತಾಸಿನ ಮೆಟ್ಟಲ, ಮೊಣಕಾಲ ನೋವಿದ್ದವ್ರೂ ಸಾವಕಾಶ ಹತ್ತಬಹುದು. ಕೆಳಗ ಹೆನ್ಯೊ ಹೆಣ್ಮಕ್ಕಳು, ಆಕ್ಸಿಜನ್ ಸಿಲಿಂಡರ್ ಇಲ್ದ ಸಮುದ್ರಕ್ಕ ಮುಳುಗಿ ಶಂಖ, ಚಿಪ್ಪು ತರವ್ರು, ಭಾಳಷ್ಟು ಮಂದಿ ಅರವತ್ತು ದಾಟಿದವ್ರ. ಯುನೆಸ್ಕೋ 2016 ರಾಗ ಇವರ ಪರಂಪರೆನ್ನ ಪಟ್ಟಿಗೆ ಸೇರಿಸ್ತು. ಮ್ಯಾಲ ಬಂದು ಉಸಿರು ಬಿಡುವಾಗ ಸೀಟಿ ಹೊಡದಂಗ ಸಪ್ಪಳ ಬರ್ತೈತಿ, ದೂರದಿಂದ ಕೇಳತಿತ್ತು. ಗ್ರೂಪಿನವ್ರು ಆ ಹೊತ್ತಿಗೆ ಚಾಕಲೇಟ್ ಅಂಗಡ್ಯಾಗ ಇದ್ರು.

ಕಾಮನ್ ಮಾತು ನಾಕು. ನಡಕೋತ ಹೋಗೋ ದಾರಿ ಗೂಗಲ್ ಮ್ಯಾಪ್ ಅಲ್ಲಿ ಸರಿ ತೋರಸಂಗಿಲ್ಲ, ನೇವರ್ ಮ್ಯಾಪ್ ಹಾಕ್ಕೋರಿ. ಬಸ್ಸು ಮೆಟ್ರೋಕ್ಕ ಟಿ-ಮನಿ ಕಾರ್ಡ್, ಕನ್ವೀನಿಯನ್ಸ್ ಸ್ಟೋರ್ ಅನ್ನೋ ಸಣ್ಣ ಅಂಗಡಿಯೊಳಗ ಸಿಗ್ತೈತಿ, ತುಂಬಸಾಕ ನಗದು ಇಟ್ಕೋರಿ. ಟಿಪ್ಸ್ ಕೊಡೋ ಪದ್ಧತಿ ಇಲ್ಲ, ನಮ್ಮ ಏಜೆಂಟ್ ಮಾತ್ರ ಗೈಡ್ ಟಿಪ್ಸ್ ಅಂತ ದಿನಾ ಲೆಕ್ಕ ಹಾಕಿ ಡಾಲರ್‌ನ್ಯಾಗ ಇಸ್ಕೊಂಡ್ರು, ಬುಕ್ ಮಾಡುವಾಗ ಹೇಳಿರ್ಲಿಲ್ಲ. ವೀಸಾ ಮೊದಲ ಮಾಡಸ್ಕೋರಿ, ವಿಮಾನ ಆಮ್ಯಾಲ.

ಮಾರ್ಕ್ಸ್ ಕೇಳಿದ್ರ ಟೂರಿನವ್ರಿಗೆ ಐದ್ರಾಗ ಎರಡು, ಅದೂ ಹೊಟೇಲು ಸ್ವಚ್ಛ ಇದ್ದಿದ್ದಕ್ಕ. ಗ್ಯೊಂಗ್‌ಜುಕ್ಕ ಐದಕ್ಕ ಐದು. ಬುಕ್ ಮಾಡವ್ರು ಏಜೆಂಟ್ ಕಡೆ ಎರಡು ಬರಸ್ಕೋರಿ: ಗ್ಯೊಂಗ್‌ಜುದಾಗ ಎರಡು ರಾತ್ರಿ, ಮತ್ತ ಶಾಪಿಂಗ್ ಸ್ಟಾಪ್ ಎಷ್ಟು ಅನ್ನೂದು. ಆಗಂಗಿಲ್ಲ ಅಂದ್ರ ಬ್ಯಾರೆ ಏಜೆಂಟ್ ನೋಡ್ರಿ. ಹೂವು ಬೇಕಂದ್ರ ಏಪ್ರಿಲ್ ಮೊದಲ ವಾರದ ಸುತ್ತ, ಕೆಂಪೆಲಿ ಬೇಕಂದ್ರ ಅಕ್ಟೋಬರ್ ಕೊನಿಗೆ, ಜುಲೈದಾಗ ಅವರಿಗೂ ಮಳಿಗಾಲ, ಜನವರಿ ಥಂಡಿ ನಮ್ಮ ಸ್ವೆಟರ್‌ಗೆ ಬಗ್ಗೂದಲ್ಲ.