ಆರ್‌ಸಿ ಕಾಗದವೋ, ಫೈಬರ್ ಕಾಗದವೋ?

ಫಿಲ್ಮ್ ಫೋಟೊಗಳನ್ನು ಪ್ರಿಂಟ್ ಮಾಡುವ ಡಾರ್ಕ್‌ರೂಮಿಗೆ ಹೊಸದಾಗಿ ಕಾಲಿಟ್ಟವರು ಯಾವ ಎನ್‌ಲಾರ್ಜರ್ (ನೆಗೆಟಿವನ್ನು ಕಾಗದದ ಮೇಲೆ ದೊಡ್ಡದಾಗಿ ಮೂಡಿಸುವ ಯಂತ್ರ) ಒಳ್ಳೆಯದು, ಯಾವ ಲೆನ್ಸ್ ಬೇಕು ಎಂದು ಕೇಳುತ್ತಾರೆ. ಕಾಗದದ ಬಗ್ಗೆ ಕೇಳುವವರು ಕಡಿಮೆ. ಆದರೆ ಪ್ರಿಂಟಿನ ಹಣೆಬರಹ ಬರೆಯುವುದು ಕಾಗದವೇ ಎಂಬುದು ನನ್ನ ಬಲವಾದ ನಂಬಿಕೆ. ಇದನ್ನು ತೋರಿಸಲೆಂದೇ ಒಂದೇ ನೆಗೆಟಿವನ್ನು ಆರ್‌ಸಿ (ರೆಸಿನ್ ಕೋಟೆಡ್, ಅಂದರೆ ಪ್ಲಾಸ್ಟಿಕ್ ಲೇಪದ ಕಾಗದ), ಫೈಬರ್ (ಆ ಲೇಪವಿಲ್ಲದ ಕಾಗದ) ಎರಡರ ಮೇಲೂ ಪ್ರಿಂಟ್ ಮಾಡಿ ಪಕ್ಕಪಕ್ಕ ಇಟ್ಟೆ. ಕಿಟಕಿಯ ಬೆಳಕಿನಲ್ಲಿ ಕೂತ ವೃದ್ಧರೊಬ್ಬರ ಭಾವಚಿತ್ರ ಅದು. ಮೈಮೇಲೆ ಬಿಳಿ ಅಂಗಿ, ಬೆನ್ನ ಹಿಂದೆ ಕಪ್ಪು ಬಾಗಿಲು. ಕಾಗದವನ್ನು ಪರೀಕ್ಷೆಗೆ ಒಡ್ಡಲು ಇಂಥ ನೆಗೆಟಿವ್ ಬೇಕು. ಅಂಗಿಯ ನೆರಿಗೆಗಳೂ ಉಳಿಯಬೇಕು, ಬಾಗಿಲಿನ ಕಪ್ಪೂ ಗಟ್ಟಿಯಾಗಿರಬೇಕು.

ವೇಗದಲ್ಲಿ ಆರ್‌ಸಿಗೆ ಸಾಟಿಯಿಲ್ಲ. ಅದರ ಎರಡೂ ಬದಿಗೆ ಪಾಲಿಥೀನ್ ಲೇಪವಿರುವುದರಿಂದ ರಾಸಾಯನಿಕಗಳು ಕಾಗದದ ಒಡಲಿಗೆ ಇಳಿಯುವುದಿಲ್ಲ. ಚಿತ್ರ ಮೂಡಿಸುವ ಡೆವಲಪರಿನಲ್ಲಿ ಒಂದು ನಿಮಿಷ, ಅದನ್ನು ಸ್ಥಿರಗೊಳಿಸುವ ರ‍್ಯಾಪಿಡ್ ಫಿಕ್ಸರಿನಲ್ಲಿ ಅರ್ಧ ನಿಮಿಷ, ಹರಿಯುವ ನೀರಿನಲ್ಲಿ ಎರಡು ನಿಮಿಷ ಸಾಕು. ಒಣಗಿದಾಗಲೂ ಚಪ್ಪಟೆಯಾಗಿಯೇ ಇರುತ್ತದೆ. ಒಂದೇ ಸಂಜೆಯಲ್ಲಿ ಕಾಂಟ್ರಾಸ್ಟ್ ಫಿಲ್ಟರ್ ಬದಲಿಸಿ, ಡಾಡ್ಜಿಂಗ್ ಬರ್ನಿಂಗ್ (ಚಿತ್ರದ ಕೆಲ ಭಾಗಕ್ಕೆ ಬೆಳಕು ತಡೆಯುವುದು, ಕೆಲ ಭಾಗಕ್ಕೆ ಹೆಚ್ಚು ಕೊಡುವುದು) ಬದಲಿಸಿ, ಚಿತ್ರ ಏನು ಕೇಳುತ್ತಿದೆ ಎಂದು ತಿಳಿದುಕೊಳ್ಳಬಹುದು.

ಫೈಬರ್ ಕಾಗದಕ್ಕೆ ಈ ಅವಸರ ಆಗುವುದಿಲ್ಲ. ಅದರಲ್ಲಿ ಎಮಲ್ಷನ್ (ಚಿತ್ರ ಮೂಡುವ ಬೆಳ್ಳಿಯ ಪದರ) ಕೆಳಗೆ ಬರೈಟಾ ಪದರ, ಅಂದರೆ ಬೇರಿಯಂ ಸಲ್ಫೇಟ್, ಅದರ ಕೆಳಗೆ ಬರೀ ಕಾಗದ. ಆ ಕಾಗದ ಹತ್ತಿ ಬಟ್ಟೆಯಂತೆ ಎಲ್ಲವನ್ನೂ ಹೀರುತ್ತದೆ, ಫಿಕ್ಸರಿನ ರಾಸಾಯನಿಕವಾದ ಹೈಪೋವನ್ನೂ ಬಿಡುವುದಿಲ್ಲ. ಒಳಗೆ ಉಳಿದ ಹೈಪೋ ವರ್ಷಗಳ ಮೇಲೆ ಬೆಳ್ಳಿಯನ್ನು ಕೆಡಿಸಿ ಕಂದು, ಹಳದಿ ಕಲೆ ತರುತ್ತದೆ. ಬರೀ ನೀರಿನಲ್ಲಾದರೆ ಸುಮಾರು ಒಂದು ಗಂಟೆ ತೊಳೆಯಬೇಕು. ನಾನು 5 ನಿಮಿಷ ನೀರು, 10 ನಿಮಿಷ ವಾಷ್ ಏಡ್ (ಹೈಪೋ ಬೇಗ ಹೊರಬರಲು ನೆರವಾಗುವ ದ್ರಾವಣ), ಮತ್ತೆ 5 ನಿಮಿಷ ನೀರು ಎಂಬ ಕ್ರಮ ಅನುಸರಿಸುತ್ತೇನೆ. ನೀರೂ ಉಳಿಯುತ್ತದೆ, ಸಮಯವೂ ಉಳಿಯುತ್ತದೆ. ಡೆವಲಪರಿನಲ್ಲಿ ಕನಿಷ್ಠ ಎರಡು ನಿಮಿಷ ಬಿಡಲೇಬೇಕು. ಕಪ್ಪಾಯಿತಲ್ಲ ಎಂದು ಬೇಗ ಎತ್ತಿದರೆ ಬಾಗಿಲು ಮಂಕು ಬೂದಿಯಾಗಿ ಕೂರುತ್ತದೆ.

ಎರಡರ ನಡುವಿನ ನಿಜವಾದ ವ್ಯತ್ಯಾಸ ಗೊತ್ತಾಗುವುದು ಒಣಗಿದ ಮೇಲೆ. ಟ್ರೇಯಲ್ಲಿ ಒದ್ದೆಯಾಗಿದ್ದಾಗ ಫೈಬರ್ ಪ್ರಿಂಟಿನ ಅಂಗಿ ಬೆಳಗುತ್ತಿರುತ್ತದೆ. ಮರುದಿನ ನೋಡಿದರೆ ಅದೇ ಬಿಳುಪು ಒಂದು ಮೆಟ್ಟಿಲು ಕೆಳಗಿಳಿದಿರುತ್ತದೆ. ಇದನ್ನೇ ಡ್ರೈಡೌನ್ ಎನ್ನುವುದು. ಆರ್‌ಸಿಯಲ್ಲಿ ಇದು ತೀರಾ ಕಡಿಮೆ. ನಾನು ಬಳಸುವ ಫೈಬರ್ ಕಾಗದಕ್ಕೆ ಎಕ್ಸ್‌ಪೋಷರನ್ನು ಸುಮಾರು ಶೇ 8ರಷ್ಟು ಇಳಿಸಬೇಕು: ಒದ್ದೆ ಟೆಸ್ಟ್ ಸ್ಟ್ರಿಪ್ಪಿನಲ್ಲಿ (ಬೇರೆ ಬೇರೆ ಸಮಯ ಬೆಳಕು ಕೊಟ್ಟು ನೋಡುವ ಕಾಗದದ ಪಟ್ಟಿ) 20 ಸೆಕೆಂಡ್ ಸರಿ ಎನಿಸಿದರೆ ಪ್ರಿಂಟಿಗೆ ಹದಿನೆಂಟೂವರೆ. ಟೆಸ್ಟ್ ಸ್ಟ್ರಿಪ್ಪನ್ನು ಹೇರ್ ಡ್ರೈಯರಿನಲ್ಲಿ ಒಣಗಿಸಿ ನೋಡುವುದೇ ಇದಕ್ಕೆ ಉತ್ತಮ ದಾರಿ. ಇನ್ನೊಂದು ಮಾತು: ಆರ್‌ಸಿಯಲ್ಲಿ 3ನೇ ಫಿಲ್ಟರ್ ಒಪ್ಪಿತೆಂದು ಫೈಬರಿನಲ್ಲೂ ಅದೇ ಒಪ್ಪುತ್ತದೆ ಎಂದುಕೊಳ್ಳಬೇಡಿ. ಕಾಗದ ಬದಲಾದರೆ ಸ್ಟ್ರಿಪ್ ಮತ್ತೆ ಹೊಸದಾಗಿಯೇ ಆಗಬೇಕು.

ನೋಟದ ವಿಷಯದಲ್ಲಿ ಹಲವರು ಫೈಬರಿನ ಕಪ್ಪೇ ಹೆಚ್ಚು ಆಳ ಎನ್ನುತ್ತಾರೆ. ನನಗೆ ಹಾಗೆ ಕಾಣಲಿಲ್ಲ. ಹೊಳಪಿನ ಆರ್‌ಸಿಯ ಕಪ್ಪೂ ಅಷ್ಟೇ ಗಟ್ಟಿ, ಗಾಜಿನ ಚೌಕಟ್ಟಿನೊಳಗೆ ಇಟ್ಟರೆ ಗುರುತು ಹಿಡಿಯುವುದೇ ಕಷ್ಟ. ಆದರೆ ಕೈಯಲ್ಲಿ ಹಿಡಿದು ಬೆಳಕಿಗೆ ಓರೆಯಾಗಿಸಿ ನೋಡಿ. ಆರ್‌ಸಿಯಲ್ಲಿ ಮೇಲಿನ ಹೊಳಪು ಮೊದಲು ಕಣ್ಣಿಗೆ ಹೊಡೆಯುತ್ತದೆ, ಚಿತ್ರ ಅದರ ಹಿಂದೆ ಉಳಿಯುತ್ತದೆ. ಗಾಳಿಯಲ್ಲಿ ಒಣಗಿದ ಫೈಬರಿನ ಮೃದು ಹೊಳಪಿನಲ್ಲಿ ಅಂಗಿಯ ನೆರಿಗೆಗಳು ಕಾಗದದಲ್ಲೇ ಹುಟ್ಟಿದಂತಿದ್ದವು. ಪ್ರಿಂಟಿನ ಛಾಯೆ ಬದಲಿಸುವ ಸೆಲೆನಿಯಂ ಟೋನರಿನಲ್ಲಿ ಅದ್ದಿದಾಗಲಂತೂ ಬಾಗಿಲಿನ ಕಪ್ಪು ಇನ್ನಷ್ಟು ತುಂಬಿಕೊಂಡಿತು. ಆರ್‌ಸಿ ಅದೇ ಟೋನರಿಗೆ ಅಷ್ಟಾಗಿ ಓಗೊಡಲಿಲ್ಲ. (ಸೆಲೆನಿಯಂ ವಿಷ; ಕೈಗವಸು, ಗಾಳಿಯಾಡುವ ಕೋಣೆ ಎರಡೂ ಕಡ್ಡಾಯ.)

ಫೈಬರ್ ಒಣಗುವಾಗ ಸುರುಳಿ ಸುತ್ತುತ್ತದೆ. ಜಾಲರಿಯ ಮೇಲೆ ಮಗುಚಿ ಒಣಗಿಸಿ, ಆಮೇಲೆ ಭಾರದ ಕೆಳಗೆ ಇಡಬೇಕು. ಆದರೆ ಧೂಳಿನ ಬಿಳಿ ಚುಕ್ಕೆಗಳನ್ನು ಕುಂಚದಿಂದ ಮುಚ್ಚುವಾಗ ಅದು ಬಣ್ಣವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ.

ಬಾಳಿಕೆಯಲ್ಲಿ ನನ್ನ ಮತ ಫೈಬರಿಗೆ. 1970ರ ದಶಕದ ಆರ್‌ಸಿ ಪ್ರಿಂಟ್‌ಗಳಲ್ಲಿ ಎಷ್ಟೋ ಬಿರುಕು ಬಿಟ್ಟವು: ಪ್ಲಾಸ್ಟಿಕ್ ಪದರವನ್ನು ಬಿಳಿಯಾಗಿಸಲು ಸೇರಿಸಿದ ಟೈಟಾನಿಯಂ ಡೈಆಕ್ಸೈಡ್ ಬೆಳಕು ತಾಗಿ ಆ ಪದರವನ್ನೇ ತಿಂದಿತ್ತು. ಈಗಿನ ಕಾಗದಗಳಿಗೆ ರಕ್ಷಕ ವಸ್ತು ಸೇರಿಸುತ್ತಾರೆ, ಆ ಕಾಟ ಬಹಳ ಕಡಿಮೆಯಾಗಿದೆ. ಆದರೂ ಚೆನ್ನಾಗಿ ತೊಳೆದ ಫೈಬರ್ ಪ್ರಿಂಟ್ ನೂರು ವರ್ಷ ದಾಟಿದ್ದನ್ನು ಕಣ್ಣಾರೆ ನೋಡಬಹುದು. ಆರ್‌ಸಿಗೆ ಇನ್ನೂ ಅಷ್ಟು ವಯಸ್ಸೇ ಆಗಿಲ್ಲ.

ಹಾಗಾಗಿ ಕಾಂಟ್ಯಾಕ್ಟ್ ಶೀಟ್ (ನೆಗೆಟಿವ್‌ಗಳನ್ನು ಅವುಗಳ ಅಳತೆಯಲ್ಲೇ ಒಟ್ಟಿಗೆ ಪ್ರಿಂಟ್ ಮಾಡಿದ ಹಾಳೆ), ಅಭ್ಯಾಸದ ಪ್ರಿಂಟ್, ಗೆಳೆಯರಿಗೆ ಕೊಡುವ ಪ್ರತಿ ಎಲ್ಲವೂ ನನ್ನಲ್ಲಿ ಆರ್‌ಸಿ. ವರ್ಷಕ್ಕೆ ಬೆರಳೆಣಿಕೆಯಷ್ಟು ಚಿತ್ರಗಳು ಮಾತ್ರ ಫೈಬರಿಗೆ ಹೋಗುತ್ತವೆ. ಆ ವೃದ್ಧರ ಭಾವಚಿತ್ರ ಅವುಗಳಲ್ಲಿ ಒಂದು. ಕಲಿಯುವವರು ಆರ್‌ಸಿಯಿಂದಲೇ ಶುರುಮಾಡಲಿ. ಒಂದು ನೆಗೆಟಿವ್ ಮತ್ತೆ ಮತ್ತೆ ಕರೆಯತೊಡಗಿದಾಗ ಫೈಬರಿನ ಪೊಟ್ಟಣ ಬಿಚ್ಚಲಿ.