ಅಮೆರಿಕದಲ್ಲಿ ರಾಜ್ಯ ಬದಲಿಸಿದವರೇ, ಸಿಟಿಜನ್‌ಶಿಪ್ ಅರ್ಜಿಗೆ ಮೂರು ತಿಂಗಳು ತಡೆಯಿರಿ

ದಾವಣಗೆರೆ, ಹರಿಹರ, ಚಿತ್ರದುರ್ಗದ ಎಷ್ಟೋ ಮನೆಗಳ ಮಕ್ಕಳು ಅಮೆರಿಕದಲ್ಲಿದ್ದಾರೆ. ಅವರು ಇದನ್ನು ಓದಲೇಬೇಕು. ನನಗಾದದ್ದು ಇನ್ನೊಬ್ಬರಿಗೆ ಆಗಬಾರದು.

ನ್ಯೂಜೆರ್ಸಿಯಲ್ಲಿದ್ದಾಗಲೇ ನನ್ನ ಗ್ರೀನ್ ಕಾರ್ಡ್‌ಗೆ (ಅಮೆರಿಕದಲ್ಲಿ ಕಾಯಂ ಆಗಿ ಇರುವ ಪರವಾನಗಿ) ಐದು ವರ್ಷ ದಾಟಿತ್ತು, ಅಂದರೆ ಸಿಟಿಜನ್‌ಶಿಪ್ ಕೇಳಲು ಬೇಕಾದ ಅವಧಿ ಆಗಿತ್ತು. 2024ರ ಜೂನ್ 1ಕ್ಕೆ ಹೊಸ ಕೆಲಸಕ್ಕೆಂದು ಟೆಕ್ಸಾಸಿಗೆ ಮನೆ ಬದಲಿಸಿದೆ. ಸಾಮಾನೆಲ್ಲ ಬಿಚ್ಚಿಯೂ ಇರಲಿಲ್ಲ, ಅಪ್ಪಾಜಿ ಹೋದರು ಅಂತ ಫೋನ್ ಬಂತು. ಸಿಕ್ಕ ವಿಮಾನ ಹತ್ತಿ ಬಂದೆ. ಕಾರ್ಯ ಮುಗಿದ ಮೇಲೆ ನೆಂಟರೆಲ್ಲ ಹೊರಟರು. ವಿದ್ಯಾನಗರದ ಆ ಮನೆಯಲ್ಲಿ ಅಮ್ಮ ಒಬ್ಬರೇ ಉಳಿದರು. "ನೀನು ಹೋಗಪ್ಪಾ, ನಾನು ಹೆಂಗೋ ಇರ್ತೀನಿ" ಅಂದರು. ಆ ಮಾತು ಕೇಳಿ ಹೇಗೆ ಸುಮ್ನಿರೋದು?

ಗ್ರೀನ್ ಕಾರ್ಡ್ ಇದ್ದವರು ತಂದೆತಾಯಿಗೆ ಗ್ರೀನ್ ಕಾರ್ಡ್ ಕೇಳುವಂತಿಲ್ಲ. ಸಿಟಿಜನ್ ಆಗಿರಬೇಕು, 21 ವರ್ಷ ತುಂಬಿರಬೇಕು. ಹಾಗಾಗಿ ಬೇಗ ಸಿಟಿಜನ್ ಆಗಬೇಕೆಂಬ ಒಂದೇ ಯೋಚನೆ ತಲೆಯಲ್ಲಿತ್ತು. ಊರಲ್ಲೇ ವೀಸಾ ಕೆಲಸ ಮಾಡಿಕೊಡುವ ಒಬ್ಬರ ಹತ್ತಿರ ಹೋದೆ. ಮೊನ್ನೆ ತಾನೇ ರಾಜ್ಯ ಬದಲಿಸಿದ್ದೇನೆ, ತೊಂದರೆ ಇಲ್ಲವಾ ಅಂತ ಕೇಳಿದೆ. "ಐದು ವರ್ಷ ಆಗೋಕೆ 90 ದಿನ ಮುಂಚೆನೇ ಹಾಕಬಹುದು ಸರ್. ನಿಮಗೆ ಆಗಿಯೇ ಹೋಗಿದೆ, ಧೈರ್ಯವಾಗಿ ಹಾಕಿ" ಅಂದರು. ದುಡ್ಡು ತಗೊಂಡು ಸಿಟಿಜನ್‌ಶಿಪ್ ಅರ್ಜಿಯ ಎನ್-400 ಫಾರಂ ತುಂಬಿಕೊಟ್ಟರು. ನಾನು ವಾಪಸ್ ಹೋಗಿ ಆಗಸ್ಟ್ 6ಕ್ಕೆ ಆನ್‌ಲೈನ್‌ನಲ್ಲಿ ಸಲ್ಲಿಸಿದೆ. ಫೀಸು 710 ಡಾಲರ್.

ಅವರು ಹೇಳಿದ 90 ದಿನದ ನಿಯಮ ಸುಳ್ಳಲ್ಲ. ಆದರೆ ಅದು ಐದು ವರ್ಷದ ಲೆಕ್ಕಕ್ಕೆ ಸಂಬಂಧಿಸಿದ್ದು. ಅದರ ಜೊತೆ ಇನ್ನೊಂದು ನಿಯಮ ಇದೆ. ಐದು ವರ್ಷ ಮುಗಿದವರು ಅರ್ಜಿ ಹಾಕುವ ದಿನಕ್ಕೆ, ತಾವಿರುವ ರಾಜ್ಯದಲ್ಲಿ ಅಥವಾ ಅರ್ಜಿ ನೋಡುವ ಅಮೆರಿಕದ ವಲಸೆ ಇಲಾಖೆಯ ಜಿಲ್ಲೆಯಲ್ಲಿ ಕನಿಷ್ಠ ಮೂರು ತಿಂಗಳು ವಾಸ ಮಾಡಿರಬೇಕು. ನನ್ನ ಮೂರು ತಿಂಗಳು ತುಂಬೋದು ಸೆಪ್ಟೆಂಬರ್ 1ಕ್ಕೆ. 26 ದಿನ ಕಡಿಮೆ ಬಿತ್ತು.

ಇದು ಗೊತ್ತಾಗಿದ್ದು ಇಂಟರ್‌ವ್ಯೂ ಟೇಬಲ್ ಮುಂದೆ. ಇಂಗ್ಲಿಷ್, ಇತಿಹಾಸದ ಪ್ರಶ್ನೆಗಳೆಲ್ಲ ಪಾಸಾಗಿತ್ತು. ಆಮೇಲೆ ಅಧಿಕಾರಿ ವಿಳಾಸಗಳ ಪುಟ ತೆಗೆದು, ಟೆಕ್ಸಾಸಿಗೆ ಯಾವಾಗ ಬಂದಿರಿ ಅಂತ ಕೇಳಿದರು. ಜೂನ್ 1 ಅಂದೆ. ಅರ್ಜಿಯ ತಾರೀಖು ನೋಡಿದರು. ಸ್ವಲ್ಪ ದಿನಕ್ಕೆ ತಿರಸ್ಕಾರದ ಪತ್ರ ಬಂತು. ಫೀಸು ವಾಪಸ್ ಬರಲ್ಲ. 30 ದಿನದೊಳಗೆ ಮರುವಿಚಾರಣೆ ಕೇಳಬಹುದು ಅಂತ ಅದರಲ್ಲಿತ್ತು, ಅದಕ್ಕೂ ಬೇರೆ ಫೀಸು. ತಾರೀಖೇ ತಪ್ಪಿರುವಾಗ ಕೇಳಿ ಏನು ಮಾಡೋದು? ಹೊಸದಾಗಿ ಹಾಕೋದೇ ದಾರಿಯಾಯಿತು. ಫಾರಂ ತುಂಬಿಕೊಟ್ಟ ಊರಿನವರಿಗೆ ಫೋನ್ ಮಾಡಿದರೆ "ನಿಯಮ ಬದಲಾಗಿರಬೇಕು ಸರ್" ಅಂದರು. ಬದಲಾಗಿಲ್ಲ, ಈ ನಿಯಮ ಎಷ್ಟೋ ವರ್ಷಗಳಿಂದ ಇದೆ.

ಒಬ್ಬ ಸ್ನೇಹಿತರು "ಹಳೇ ನ್ಯೂಜೆರ್ಸಿ ವಿಳಾಸವನ್ನೇ ಕೊಟ್ಟಿದ್ದರೆ ಆಗ್ತಿತ್ತಲ್ವಾ" ಅಂದರು. ದಯವಿಟ್ಟು ಅಂಥ ಕೆಲಸ ಮಾತ್ರ ಮಾಡಬೇಡಿ. ಇಂಟರ್‌ವ್ಯೂನಲ್ಲಿ ಪ್ರಮಾಣ ಮಾಡಿಸಿಯೇ ಕೇಳುತ್ತಾರೆ. ಅಲ್ಲಿ ಸುಳ್ಳು ಹೇಳಿದರೆ ಒಂದು ಅರ್ಜಿ ಹೋಗೋದಲ್ಲ, ನಿಮ್ಮ ನಡತೆಯ ಮೇಲೇ ಕಪ್ಪು ಚುಕ್ಕೆ.

ರಾಜ್ಯ ಬದಲಿಸಿದ ದಿನ ಬರೆದಿಟ್ಟುಕೊಳ್ಳಿ. ಬಾಡಿಗೆ ಕರಾರು, ಕರೆಂಟ್ ಬಿಲ್, ಹೊಸ ಲೈಸೆನ್ಸ್ ಜೋಪಾನ ಮಾಡಿ. ವಿಳಾಸ ಬದಲಾದ 10 ದಿನದೊಳಗೆ ಇಲಾಖೆಗೆ ತಿಳಿಸಿ. ಮೂರು ತಿಂಗಳ ಮೇಲೆ ಒಂದು ವಾರ ಜಾಸ್ತಿನೇ ತಡೆದು ಹಾಕಿ. ಅರ್ಜಿ ಹಾಕಿದ ಮೇಲೆ ರಾಜ್ಯ ಬದಲಿಸಿದರೆ ಈ ತೊಂದರೆ ಇಲ್ಲ. ವಿಳಾಸ ತಿಳಿಸಿದರೆ ಫೈಲು ಹೊಸ ಆಫೀಸಿಗೆ ಹೋಗುತ್ತದೆ.

ಮತ್ತೆ 710 ಡಾಲರ್ ಕಟ್ಟಿ ಎರಡನೇ ಅರ್ಜಿ ಹಾಕಿದ್ದೇನೆ. ಇಂಟರ್‌ವ್ಯೂ ತಾರೀಖು ಇನ್ನೂ ಬಂದಿಲ್ಲ. ಅಮ್ಮ ಪ್ರತಿ ಭಾನುವಾರ ಫೋನ್‌ನಲ್ಲಿ ಕೇಳುತ್ತಾರೆ, "ಕಾಗದ ಬಂತಾ?"