ಲಂಡನ್ ಟು ಪ್ಯಾರಿಸ್ 56 ಮಿನಿಟ್ ಅಂತ, ವಿಮಾನಕ್ಕ ಖರೇ, ಮಂದಿಗೆ ಅಲ್ಲ (3 ಸ್ಟಾರ್)

ಎರಡು ಊರಿನ ಹೆಸರ ಹಾಕಿದ್ರ ನಡುವ ದೂರ ಎಷ್ಟು, ವಿಮಾನ ಎಷ್ಟೊತ್ತ ಹಾರತೈತಿ ಅಂತ ಹೇಳೂ ಆಪ್ ಇದು. ಫ್ರೀ ಐತಿ, ಲಾಗಿನ್ ಪಾಗಿನ್ ಏನೂ ಕೇಳೂದಿಲ್ಲ. ನಮ್ಮ ಕಾಕಾ ಕಾಕು ಮಗಳ ಕಡೆ ಲಂಡನ್‌ಗೆ ಹೊಂಟಾರ, ಅಲ್ಲಿಂದ ಪ್ಯಾರಿಸ್ ನೋಡ್ಕೊಂಡ ಬರೂದು ಅಂತ ಪ್ಲ್ಯಾನು, ಅದಕ್ಕ ಹಾಕ್ಕೊಂಡಿದ್ದು.

ದೂರಕ್ಕ ಫುಲ್ ಮಾರ್ಕ್ಸ್. ಲಂಡನ್-ಪ್ಯಾರಿಸ್ 344 ಕಿಮೀ ತೋರಸ್ತು, ಕರೆಕ್ಟ್ ಐತಿ. ನಮ್ಮ ಬೆಳಗಾವಿ-ಬೆಂಗಳೂರು ನೇರ ಗೆರಿ ಹೊಡದ್ರನ 460ರ ಆಸುಪಾಸು ಬರ್ತೈತಿ, ಅಂದ್ರ ನಾವು ಒಂದ ರಾಜ್ಯದಾಗ ಅಡ್ಡಾಡೂದಕ್ಕಿಂತ ಅವರ ಎರಡು ದೇಶದ ರಾಜಧಾನಿ ಹತ್ರ ಅದಾವ ನೋಡ್ರಿ, ನಡುವ ಸಮುದ್ರ ಬ್ಯಾರೆ!

ತಕರಾರು ಇರೂದು ಟೈಮಿಂದು. 56 ಮಿನಿಟ್ ಎಲ್ಲಿಂದ ಬಂತು ಅಂತ ಲೆಕ್ಕ ಹಾಕಿ ನೋಡಿದ್ರ, ದೂರಕ್ಕ ತಾಸಿಗೆ 800 ಕಿಮೀ ಅಂತ ಭಾಗಿಸಿ ಏರೂದು ಇಳಿಯೂದಕ್ಕ ಅರ್ಧ ತಾಸು ಕೂಡಸ್ತೈತಿ, ಅಷ್ಟ. ಟಿಕೆಟ್‌ನಾಗ 1 ತಾಸು 20 ಮಿನಿಟ್ ಹತ್ರ ಹತ್ರ ಇರ್ತೈತಿ, ಯಾಕಂದ್ರ ಗೇಟ್ ಬಿಟ್ಟು ರನ್‌ವೇಗೆ ಹೋಗೂದು, ಅಲ್ಲಿ ಪಾಳಿ ಹಚ್ಚೂದು ಎಲ್ಲಾ ಅದರಾಗ ಹಿಡದಿರ್ತಾರ. ಮ್ಯಾಲೆ ಪ್ಯಾರಿಸ್ ಗಡಿಯಾರ ಲಂಡನ್‌ಗಿಂತ ಒಂದ ತಾಸು ಮುಂದ, ಹೋಗುವಾಗ 10ಕ್ಕ ಬಿಟ್ರ 12:20ಕ್ಕ ಇಳದಂಗ, ಬರುವಾಗ 10ಕ್ಕ ಬಿಟ್ರ 10:20ಕ್ಕ ಬಂದಂಗ ಕಾಣತೈತಿ. ಕಾಕು ಕೇಳ್ತಾಳ, "ಬರುವಾಗ ಇಳಜಾರ ಐತೇನೋ?" ಆಪ್‌ನಾಗ ಇದರ ಬಗ್ಗೆ ಒಂದ ಸಾಲು ಇಲ್ಲ.

ಇನ್ನ ಆಪ್ ದೂರ ಅಳತಿ ಮಾಡೂದು ಊರ ನಡುವಿಂದ ಊರ ನಡುವಿಗೆ. ವಿಮಾನ ಏನ್ ಲಂಡನ್ ನಟ್ಟನಡುವಿನ ಟ್ರಫಾಲ್ಗರ್ ಸ್ಕ್ವೇರ್‌ನಾಗ ನಿಂದರ್ತೈತೇನ್ರಿ? ನಮ್ಮ ಬೆಳಗಾವಿ ಏರ್‌ಪೋರ್ಟ್ ಸಾಂಬ್ರಾ ನಮಗ ಹತ್ತ ಕಿಲೋಮೀಟರ್, ಚಾರ್ಲ್ಸ್ ದ ಗಾಲ್ ಏರ್‌ಪೋರ್ಟ್ ಪ್ಯಾರಿಸ್‌ನಿಂದ 25, ಆದರ ಸೋವಿ ಟಿಕೆಟ್ ಅಂತ ಬೊವೆ ಏರ್‌ಪೋರ್ಟಿಗೆ ಇಳದ್ರ 80ರ ಮ್ಯಾಲೆ.

ಅದಕ್ಕ ನಾವು ಯೂರೋಸ್ಟಾರ್ ಟ್ರೇನ್ ಅಂತ ಮಾಡೀವಿ. 1994ರಿಂದ ಐತಿ, ಸಮುದ್ರದ ಕೆಳಗಿಂದ ಹಾಯ್ದ ಹೋಗೂ ಸುಮಾರು 50 ಕಿಮೀ ಸುರಂಗ, ಲಂಡನ್‌ನ ಸೇಂಟ್ ಪ್ಯಾಂಕ್ರಾಸ್ ಸ್ಟೇಷನ್‌ನಾಗ ಹತ್ತಿದ್ರ ಎರಡೂಕಾಲು ತಾಸಿನ ಮ್ಯಾಲೆ ಸೊಲ್ಪ, ಗಾರ್ ದು ನಾರ್ ಅಂತ ಪ್ಯಾರಿಸ್ ಊರೊಳಗನ ಇಳಸ್ತೈತಿ. ಪಾಸ್‌ಪೋರ್ಟ್ ಚೆಕಿಂಗ್ ಎರಡೂ ದೇಶದ್ದು ಹತ್ತೂಕ್ಕಿಂತ ಮೊದಲ ಮುಗಿತೈತಿ, ಅದಕ್ಕ ಒಂದೂವರಿ ತಾಸು ಮುಂಚೆ ಹೋಗ್ಬೇಕು, ಅದನ್ನ ಹಿಡದ್ರೂ ಮನಿಯಿಂದ ಹೊಟೇಲಿಗೆ ವಿಮಾನಕ್ಕಿಂತ ತ್ರಾಸ ಕಡಿಮಿ, ವಯಸ್ಸಾದವರಿಗೆ ಅಂತೂ ಇದ ಚಲೋ. ಹಾಂ, ಬ್ರಿಟನ್ ವೀಸಾ ಮ್ಯಾಲೆ ಪ್ಯಾರಿಸ್ ಬಿಡೂದಿಲ್ಲ ಮತ್ತ, ಫ್ರಾನ್ಸ್ ಕಡೆ ನಡಿಯೂ ಷೆಂಗೆನ್ ವೀಸಾ ಬ್ಯಾರೆ ತೆಗಿಸ್ಬೇಕು.

ರೋಮ್, ಬರ್ಲಿನ್ ಅಂಥಾ ದೂರದ ಊರಿಗೆ ಈ ಆಪ್ ಅಂದಾಜು ಪರವಾಗಿಲ್ಲ, ಪ್ಯಾರಿಸ್-ರೋಮ್ 1,100 ಕಿಮೀ ಚಿಲ್ಲರ, ಎರಡ ತಾಸಿಗೆ ಹತ್ರನ ಬರ್ತೈತಿ. ಸಣ್ಣ ದೂರಕ್ಕ ಮಾತ್ರ ನೆಚ್ಚಬ್ಯಾಡ್ರಿ. ಆಡ್ಸ್ ಕಾಟ ಐತಿ, ಮೈಲಿ ತಗದು ಕಿಲೋಮೀಟರ್ ಮಾಡಾಕ ಸೆಟ್ಟಿಂಗ್‌ನಾಗ ಹುಡಕಬೇಕು, ಮತ್ತ ಬೆಳಗಾವಿ ಅಂತ ಹಾಕಿದ್ರ ಊರ ಸಿಗೂದಿಲ್ಲ, 2014ರಾಗ ಹೆಸರ ಬದಲಾದ್ರೂ ಇವರ ಕಡೆ ಇನ್ನೂ ಬೆಲ್ಗಾಮ್ ಐತಿ, ಅಪ್‌ಡೇಟ್ ಮಾಡ್ರಪಾ.